ನಮ್ಮ ತೋಟದ ಮೋಟರ್, ರಾಜ್ಯದ ಗ್ರಿಡ್

ಎಲ್ಲರಿಗೂ ನಮಸ್ಕಾರ. ಇವತ್ತು ಅಡಿಕೆ ಬೆಳೆಗಾರರೂ ಬಂದಿದ್ದೀರಿ, ನಮ್ಮ ಕಡೆ ಕರೆಂಟ್ ಹಂಚುವ ಮೆಸ್ಕಾಂ ಕಂಪನಿಯವರೂ ಬಂದಿದ್ದೀರಿ. ತೋಟದ ಪಂಪ್ ಯಾವ ಹೊತ್ತಿಗೆ ಓಡಬೇಕು, ಅದನ್ನು ಯಾರು ಹೇಳಬೇಕು ಅನ್ನುವುದು ಇಬ್ಬರೂ ಒಟ್ಟಿಗೆ ಕೂತು ಮಾತಾಡಬೇಕಾದ ವಿಷಯ. ಹಾಗಾಗಿ ನನಗೆ ನಿಜಕ್ಕೂ ಖುಷಿಯಾಗಿದೆ.

ಹಿಂದೆ ಎಲ್ಲ ಒಂದೇ ವಿದ್ಯುತ್ ಮಂಡಳಿ, ಕೆಇಬಿ, ಇತ್ತು. 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಹಂಚಿಕೆ ಕಂಪನಿಗಳು ಬೇರೆಯಾದವು. ಈಗ ದೊಡ್ಡ ಟವರ್ ಲೈನ್‌ಗಳು, ದೊಡ್ಡ ಸಬ್‌ಸ್ಟೇಷನ್‌ಗಳು ಕೆಪಿಟಿಸಿಎಲ್‌ನವು. ಅಲ್ಲಿಂದ ಊರುಗಳಿಗೆ ಹೊರಡುವ 11 ಕೆವಿ ಲೈನ್ ಅಂದರೆ ಫೀಡರ್, ಊರಿನ ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್, ಮನೆಯ ಮೀಟರ್ ಮೆಸ್ಕಾಂನವು. ಇಬ್ಬರ ಚಿಂತೆಯೂ ಬೇರೆ. ಕೆಪಿಟಿಸಿಎಲ್ ಕಡೆಯಿಂದ ರಾಜ್ಯದ ವಿದ್ಯುತ್ ಜಾಲವನ್ನು, ಅಂದರೆ ಗ್ರಿಡ್ಡನ್ನು, ನೋಡಿಕೊಳ್ಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದವರಿಗೆ ಇಡೀ ರಾಜ್ಯದ ಉತ್ಪಾದನೆ, ಬಳಕೆ ಎರಡೂ ಪ್ರತಿ ಕ್ಷಣ ಸರಿಹೊಂದಬೇಕು, ಫ್ರೀಕ್ವೆನ್ಸಿ 50 ಹರ್ಟ್ಸ್ ಹತ್ತಿರವೇ ನಿಲ್ಲಬೇಕು. ಇಲ್ಲಿನ ಸೆಕ್ಷನ್ ಆಫೀಸಿನವರಿಗೆ ಟಿಸಿ ಸುಡಬಾರದು, ಲೈನಿನ ಕೊನೆ ಮನೆಗೂ ವೋಲ್ಟೇಜ್ ಸಿಗಬೇಕು.

ಗ್ರಿಡ್‌ಗೆ ಬೇಕಾದಾಗ ಹೆಚ್ಚು, ಬೇಡದಾಗ ಕಮ್ಮಿ ಕೊಡುವ ಕೆಲಸ ಮಲೆನಾಡಿಗೆ ಹೊಸದಲ್ಲ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು, ಒಂದೊಂದು 103.5 ಮೆಗಾವ್ಯಾಟ್, ಅದನ್ನೇ ಮಾಡುತ್ತಾ ಬಂದಿವೆ. ನೀರಿನ ಯಂತ್ರ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಕಲ್ಲಿದ್ದಲಿನದ್ದು ಹಾಗಲ್ಲ. ಈಗ ಪಾವಗಡದಲ್ಲೇ 2050 ಮೆಗಾವ್ಯಾಟ್ ಸೋಲಾರ್ ಇದೆ. ಮಧ್ಯಾಹ್ನ ಕರೆಂಟ್ ಧಾರಾಳ. ಹೊತ್ತು ಮುಳುಗುವಾಗ ಅದು ಇಳಿಯುತ್ತದೆ, ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ ಹತ್ತುತ್ತದೆ. ಆ ತಗ್ಗು ತುಂಬಲು ಬರೀ ಶರಾವತಿ ಸಾಕಾಗುವುದಿಲ್ಲ. ಸಂಜೆಯ ಬಳಕೆಯಲ್ಲಿ ಸ್ವಲ್ಪವನ್ನಾದರೂ ಮಧ್ಯಾಹ್ನಕ್ಕೆ ತರಬೇಕು. ಹಾಗೆ ತರಬಹುದಾದದ್ದು ನಮ್ಮ ಹತ್ತಿರ ಏನಿದೆ? ತೋಟದ ಪಂಪ್‌ಸೆಟ್ ಇದೆ. ಶಿವಮೊಗ್ಗದ ಫೌಂಡ್ರಿಗಳ ಕುಲುಮೆ ಇದೆ. ಮನೆಯ ಇನ್ವರ್ಟರ್ ಬ್ಯಾಟರಿ ಕೂಡ ಇದೆ.

ಪಂಪನ್ನೇ ಹತ್ತಿರದಿಂದ ನೋಡೋಣ. ಒಂದು 63 ಕೆವಿಎ ಟಿಸಿ, ಅದರ ಮೇಲೆ 5 ಎಚ್‌ಪಿಯ ಹತ್ತು ಮೋಟರ್ ಅಂತ ಇಟ್ಟುಕೊಳ್ಳಿ. ಓಡುವಾಗ ಟಿಸಿ ತಡೆದುಕೊಳ್ಳುತ್ತದೆ. ಆದರೆ ಎಲ್ಲದಕ್ಕೂ ಆಟೋ ಸ್ಟಾರ್ಟರ್ ಹಾಕಿರುತ್ತೀರಿ, ಅಲ್ವಾ? ತ್ರೀ ಫೇಸ್ ಬಂದ ಕೂಡಲೇ ಹತ್ತೂ ಒಟ್ಟಿಗೆ ಸ್ಟಾರ್ಟ್ ಆಗುತ್ತವೆ. ನೇರವಾಗಿ ಸ್ಟಾರ್ಟ್ ಆಗುವ ಮೋಟರ್ ಮೊದಲ ಒಂದೆರಡು ಕ್ಷಣ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ. ಲೈನಿನ ತುದಿಯ ಮೋಟರ್ ತಿರುಗಲಾರದೆ ಗುಂಯ್ ಅನ್ನುತ್ತಾ ಬಿಸಿಯಾಗುತ್ತದೆ. ಫ್ಯೂಸ್ ಹೋಗುತ್ತದೆ, ಲೈನ್‌ಮನ್‌ಗೆ ಫೋನ್ ಹೋಗುತ್ತದೆ.

ಈಗ ಬೆಂಗಳೂರಿನಿಂದ ‘ಸೋಲಾರ್ ಜಾಸ್ತಿ ಇದೆ, ಪಂಪ್ ಎಲ್ಲ ಈಗಲೇ ಓಡಲಿ’ ಅಂತ ಸೂಚನೆ ಬಂತು ಅನ್ನಿ. ರಾಜ್ಯದ ಲೆಕ್ಕಕ್ಕೆ ಅದು ಸರಿ. ಈ ಟಿಸಿಗೆ ಅದೇ ಕುತ್ತು. ತಿರುಗಿಸಿಯೂ ನೋಡಿ. ಫೀಡರ್ ಉಳಿಸಲು ಮೆಸ್ಕಾಂನವರು ಅಲ್ಲಲ್ಲಿ ಪಂಪ್ ನಿಲ್ಲಿಸಿದರು, ಮೇಲಕ್ಕೆ ತಿಳಿಸಲಿಲ್ಲ. ಒಂದು ಪಂಪ್ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. 5 ಎಚ್‌ಪಿಯ ಸುಮಾರು 28 ಸಾವಿರ ಪಂಪ್ ನಿಂತರೆ ಶರಾವತಿಯ ಒಂದು ಯಂತ್ರದಷ್ಟು ಲೆಕ್ಕ ತಪ್ಪುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ಪಂಪನ್ನು ಯಾರು ಬೇಕಾದರೂ ಕರೆಯಲಿ, ಆದರೆ ಆ ಫೀಡರ್ ತಾಳುತ್ತದೋ ಇಲ್ಲವೋ ಅಂತ ಹೇಳುವ ಹಕ್ಕು ಮೊದಲು ಹಂಚಿಕೆಯವರದ್ದಾಗಬೇಕು. ಯಾವ ಸಬ್‌ಸ್ಟೇಷನ್‌ನಲ್ಲಿ ಎಷ್ಟು ಸಿಗುತ್ತದೆ ಅಂತ ಹಿಂದಿನ ದಿನವೇ ಮೇಲಕ್ಕೆ ತಿಳಿಸುವ ಹೊಣೆಯೂ ಅವರದ್ದೇ. ಒಂದೇ ಪಂಪನ್ನು ಇಬ್ಬರೂ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಾರದು.

ಇದು ಆಗದ ಮಾತೇನಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರಸರಣ ಕಂಪನಿ ಟೆನೆಟ್ ಮತ್ತು ಅಲ್ಲಿನ ಹಂಚಿಕೆ ಕಂಪನಿಗಳು ಸೇರಿ 2019ರಲ್ಲಿ ಗೋಪ್ಯಾಕ್ಸ್ ಅನ್ನುವ ವೇದಿಕೆ ಶುರು ಮಾಡಿದವು. ಒಬ್ಬರ ಲೈನಿನ ಒತ್ತಡ ಇಳಿಸಲು ಹೋಗಿ ಇನ್ನೊಬ್ಬರ ಲೈನಿಗೆ ತೊಂದರೆ ಆಗುತ್ತದೆಯೇ ಅಂತ ಅಲ್ಲಿ ಮೊದಲೇ ನೋಡುತ್ತಾರೆ. ಜರ್ಮನಿಯಲ್ಲಿ 2021ರ ಅಕ್ಟೋಬರ್‌ನಿಂದ 100 ಕಿಲೋವ್ಯಾಟ್‌ನಷ್ಟು ಸಣ್ಣ ಘಟಕಗಳನ್ನೂ ಇಂಥ ವ್ಯವಸ್ಥೆಗೆ ಸೇರಿಸಿದ್ದಾರೆ, ಹಂಚಿಕೆ ಕಂಪನಿಗಳಿಗೂ ಅದರಲ್ಲಿ ಪಾಲು ಕೊಟ್ಟಿದ್ದಾರೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕೇಂದ್ರ ಸರ್ಕಾರ 2023ರ ನಿಯಮದಲ್ಲಿ ಬಿಸಿಲಿನ ಹೊತ್ತಿನ ದರ ಕಮ್ಮಿ ಇರಬೇಕು ಅಂದಿತು, ಆದರೆ ಕೃಷಿಯನ್ನು ಅದರಿಂದ ಹೊರಗಿಟ್ಟಿತು. ಕರ್ನಾಟಕದಲ್ಲಂತೂ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟ್ ಉಚಿತ. ಬಿಲ್ಲೇ ಇಲ್ಲದವನಿಗೆ ದರ ಇಳಿಸಿ ಏನು ಪ್ರಯೋಜನ? ಹೇಳಿದ ಹೊತ್ತಿಗೆ ಪಂಪ್ ಓಡಿಸಿದ ರೈತನ ಖಾತೆಗೆ ದುಡ್ಡು ಬರಬೇಕು. ಸುಮ್ನೆ ಸಹಕರಿಸಿ ಅಂದರೆ ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ನಿಲ್ಲುತ್ತದೆ. ಉಚಿತ ಕರೆಂಟ್ ಕಿತ್ತುಕೊಳ್ಳಲು ಇದು ನೆಪವೂ ಆಗಬಾರದು.

ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ, ಅಂದರೆ ಕರೆಂಟ್ ಹೆಚ್ಚಿರುವಾಗ ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟ್ ಮಾಡುವ ಯೋಜನೆಯ, ವಿಷಯ ನಿಮಗೆಲ್ಲ ಗೊತ್ತು. ತೋಟದ ಪಂಪ್‌ಗಳು ಅದಕ್ಕೆ ಪೂರ್ತಿ ಬದಲಿ ಅಂತ ನಾನು ಹೇಳುವುದಿಲ್ಲ. ಮೋಟರ್ ಸಂಜೆಗೆ ಕರೆಂಟ್ ಹುಟ್ಟಿಸುವುದಿಲ್ಲ. ಆದರೆ ಸಿಂಗಳೀಕಗಳ ಕಾಡಿಗೆ ಕೈ ಹಾಕುವ ಮುಂಚೆ ನಮ್ಮ ಪಂಪ್‌ಹೌಸ್‌ಗಳಲ್ಲಿ ಎಷ್ಟು ಅವಕಾಶ ಇದೆ ಅಂತ ಎಣಿಸಲೇಬೇಕು. ಈ ವಿಷಯದಲ್ಲಿ ನಾನು ಗಟ್ಟಿ.

ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಒಂದು ಫೀಡರ್ ತೆಗೆದುಕೊಂಡು ಶುರು ಮಾಡೋಣ. ಆಟೋ ಸ್ಟಾರ್ಟರ್‌ಗೆ ಟೈಮರ್ ಕೂರಿಸಿ, ಒಂದಾದ ಮೇಲೆ ಒಂದು ಮೋಟರ್ ಸ್ಟಾರ್ಟ್ ಆಗಲಿ. ಟಿಸಿಗೆ ಮೀಟರ್ ಇರಲಿ. ತೋಟಕ್ಕೆ ನೀರು ಬೇಕಾಗುವುದು ಬೇಸಿಗೆಯಲ್ಲಿ, ಹಾಗಾಗಿ ಯಾವ ಟಿಸಿಗೆ ಯಾರ ಮೋಟರ್, ಎಷ್ಟು ಎಚ್‌ಪಿ ಅನ್ನುವ ಪಟ್ಟಿ ಮಳೆಗಾಲದಲ್ಲೇ ತಯಾರಾಗಬೇಕು. ಇವತ್ತು ಬಂದವರು ಹೊರಡುವ ಮುಂಚೆ ನಿಮ್ಮ ಟಿಸಿ ನಂಬರ್ ಬರೆಸಿ ಹೋಗಿ.