ಕಡ್ಡಿ ತುಂಬ ಸಿಗ್ನಲ್, ಪಾಲಿಗೆ ಬಂದದ್ದೆಷ್ಟು?

ಕೇಳುಗರಿಗೆ ನಮಸ್ಕಾರ.

ಊರ ತೇರಿನ ದಿನ ರಥಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಫೋನ್ ತೆಗೆದು ನೋಡಿದರೆ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ. ಆದರೆ ತೇರಿನ ಒಂದು ಫೋಟೊ ಕಳಿಸಹೋದರೆ ಚಕ್ರ ಸುತ್ತುತ್ತಲೇ ಇರುತ್ತದೆ, ಫೋಟೊ ಹೋಗುವುದಿಲ್ಲ. ಟವರ್ ಕೆಟ್ಟಿದೆ ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಟವರಿಗೆ ಏನೂ ಆಗಿರುವುದಿಲ್ಲ. ಟವರಿನಿಂದ ಬರುವ ಅಲೆ ನಿಮ್ಮ ಫೋನಿನ ಹತ್ತಿರ ಎಷ್ಟು ಬಲವಾಗಿದೆ ಎಂಬುದಷ್ಟೇ ಆ ಕಡ್ಡಿಗಳಿಗೆ ಗೊತ್ತು. ಅಲ್ಲಿರುವುದನ್ನು ಎಷ್ಟು ಮಂದಿ ಹಂಚಿಕೊಳ್ಳುತ್ತಿದ್ದಾರೆ, ನಿಮ್ಮ ಪಾಲಿಗೆ ಎಷ್ಟು ಬಂತು ಎಂಬ ಲೆಕ್ಕ ಅವುಗಳಲ್ಲಿಲ್ಲ. ಇವತ್ತಿನ ಮಾತು ಆ ಲೆಕ್ಕದ ಬಗ್ಗೆ.

ಹಂಚಬೇಕಾಗಿರುವುದು ತರಂಗಾಂತರ, ಅಂದರೆ ಸ್ಪೆಕ್ಟ್ರಮ್, ಸಂಕೇತವನ್ನು ಹೊತ್ತು ತರುವ ರೇಡಿಯೊ ಅಲೆಗಳ ಪಟ್ಟಿ. ಈಗ ನೀವು ಕೇಳುತ್ತಿರುವ ಬಾನುಲಿಯೂ ಅದರ ಒಂದು ಚೂರನ್ನು ಹಿಡಿದೇ ನಿಮ್ಮ ಮನೆಗೆ ಬರುತ್ತಿದೆ. ಆದರೆ ಬಾನುಲಿಗೆ ಹಂಚುವ ಕಷ್ಟವಿಲ್ಲ. ನನ್ನ ಮಾತನ್ನು ಹತ್ತು ಮಂದಿ ಕೇಳಿದರೂ ಲಕ್ಷ ಮಂದಿ ಕೇಳಿದರೂ ಬೇಕಾಗುವ ತರಂಗಾಂತರ ಅಷ್ಟೇ. ಮೊಬೈಲಿನಲ್ಲಿ ಒಬ್ಬರಿಗೆ ಪಾಠ ಬೇಕು, ಇನ್ನೊಬ್ಬರಿಗೆ ಕ್ರಿಕೆಟ್, ಮತ್ತೊಬ್ಬರಿಗೆ ಬ್ಯಾಂಕಿನ ಒಟಿಪಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ತುಂಡು ಕೊಡಲೇಬೇಕು.

ಆ ತುಂಡುಗಳಿಗೆ ನಿರ್ದಿಷ್ಟ ಅಳತೆಯಿದೆ. 4ಜಿಯಲ್ಲಿ ಒಂದೊಂದು ತುಂಡು 180 ಕಿಲೊಹರ್ಟ್ಸ್ ಅಗಲ. ಕಂಪನಿಯ ಬಳಿ 20 ಮೆಗಾಹರ್ಟ್ಸ್ ಇದ್ದರೆ ಅಂಥ 100 ತುಂಡುಗಳು, 5 ಮೆಗಾಹರ್ಟ್ಸ್ ಮಾತ್ರ ಇದ್ದರೆ 25. ಯಾವ ತುಂಡು ಯಾರಿಗೆ ಎಂಬ ತೀರ್ಮಾನ ಒಂದು ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 1000 ಸಲ ಆಗುತ್ತದೆ. 5ಜಿಯಲ್ಲಿ 100 ಮೆಗಾಹರ್ಟ್ಸ್ ಸಿಕ್ಕ ಕಡೆ ತುಂಡುಗಳು 273ಕ್ಕೆ ಏರುತ್ತವೆ, ತೀರ್ಮಾನದ ಅವಧಿ ಇನ್ನೂ ಕಿರಿದಾಗುತ್ತದೆ. ತುಂಡು ಎಷ್ಟೇ ಹೆಚ್ಚಿದರೂ ತೇರಿನ ದಿನದಂಥ ಜನ ಸೇರಿದರೆ ಸಾಲುವುದಿಲ್ಲ.

ಹಳೇ ಮೈಸೂರಿನ ಕೆರೆಗಳಲ್ಲಿ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು ಅವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವವನೂ ಅವನೇ. ಮೊಬೈಲ್ ಟವರಿನಲ್ಲಿ ಆ ಕೆಲಸ ಶೆಡ್ಯೂಲರ್ ಎಂಬ ತಂತ್ರಾಂಶದ್ದು. ಒಂದು ದೊಡ್ಡ ವ್ಯತ್ಯಾಸವಿದೆ. ಕೆರೆಯ ನೀರು ಯಾರ ಗದ್ದೆಗೆ ಬಿಟ್ಟರೂ ಅದು ಅಷ್ಟೇ ನೀರು. ತರಂಗಾಂತರದ ಒಂದೇ ತುಂಡು ಒಬ್ಬರ ಕೈಯಲ್ಲಿ ಹೆಚ್ಚಾಗುತ್ತದೆ, ಇನ್ನೊಬ್ಬರ ಕೈಯಲ್ಲಿ ಕಡಿಮೆಯಾಗುತ್ತದೆ.

ಹೇಗೆಂದರೆ, ನಿಮ್ಮ ಫೋನ್ ಟವರಿಗೆ ಆಗಾಗ ಒಂದು ಅಂಕ ಕಳಿಸುತ್ತಿರುತ್ತದೆ. ಇಲ್ಲಿ ನನಗೆ ಸಂಕೇತ ಎಷ್ಟು ಚೆನ್ನಾಗಿ ಸಿಗುತ್ತಿದೆ ಎಂದು ತಿಳಿಸುವ ಅಂಕ ಅದು, 0ಯಿಂದ 15ರವರೆಗೆ. ಅಂಕ ಮೇಲಿದ್ದರೆ ಟವರ್ ಒಂದೇ ಮಿಡಿತದಲ್ಲಿ 6 ಅಥವಾ 8 ಬಿಟ್‌ಗಳನ್ನು, ಅಂದರೆ ಮಾಹಿತಿಯ ಅತಿ ಚಿಕ್ಕ ಚೂರುಗಳನ್ನು, ತುರುಕಿ ಕಳಿಸುತ್ತದೆ. ಅಂಕ ಕೆಳಗಿದ್ದರೆ 2 ಬಿಟ್ ಮಾತ್ರ, ಅದರಲ್ಲೂ ಹೆಚ್ಚಿನ ಪಾಲು ತಪ್ಪು ತಿದ್ದುವುದಕ್ಕೇ ಖರ್ಚು. ಹಾಗಾಗಿ ಟವರಿನ ಪಕ್ಕದ ಅಂಗಡಿಯವರಿಗೂ ಗುಡ್ಡದಾಚೆಯ ಮನೆಯ ವಿದ್ಯಾರ್ಥಿನಿಗೂ ಸರಿಸಮ ತುಂಡು ಕೊಟ್ಟರೂ ಸಿಗುವ ವೇಗ ಸರಿಸಮ ಆಗುವುದಿಲ್ಲ.

ಈ ಇಬ್ಬರನ್ನೇ ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಪೂರಾ ಟವರನ್ನು ಅಂಗಡಿಯವರಿಗೇ ಬಿಟ್ಟರೆ ಅವರಿಗೆ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ವೇಗ, ಬರುತ್ತದೆ ಎನ್ನೋಣ. ವಿದ್ಯಾರ್ಥಿನಿಗೇ ಬಿಟ್ಟರೆ 10. ಟವರಿನಿಂದ ಆದಷ್ಟು ಹೆಚ್ಚು ಮಾಹಿತಿ ಹರಿಯಲಿ ಎಂಬುದೊಂದೇ ಗುರಿಯಾದರೆ ಎಲ್ಲವನ್ನೂ ಅಂಗಡಿಯವರಿಗೆ ಕೊಡಬೇಕು. ಒಟ್ಟು 100 ಹರಿಯುತ್ತದೆ, ಹುಡುಗಿಗೆ ಸೊನ್ನೆ. ಇಬ್ಬರಿಗೂ ಒಂದೇ ವೇಗ ಬರಲಿ ಎಂದರೆ ಟವರಿನ ಸಮಯದ ಹನ್ನೊಂದರಲ್ಲಿ ಹತ್ತು ಪಾಲು ಹುಡುಗಿಗೆ, ಒಂದು ಪಾಲು ಅಂಗಡಿಯವರಿಗೆ ಹೋಗಬೇಕು. ಆಗ ಇಬ್ಬರಿಗೂ ಸುಮಾರು 9 ಬರುತ್ತದೆ, ಒಟ್ಟು 18. ಕಿವಿಗೆ ನ್ಯಾಯವೆನಿಸುತ್ತದೆ. ಆದರೆ ಇಂಥ ಅಂಚಿನವರು ಹತ್ತು ಮಂದಿ ಸೇರಿದರೆ ಇಡೀ ಟವರು ಅವರಿಗೆ ದುಡಿದೂ ಯಾರಿಗೂ ನೆಮ್ಮದಿಯಿಲ್ಲದ ಸ್ಥಿತಿಗೆ ಬರುತ್ತದೆ. ಮೂರನೆಯ ದಾರಿ, ಇಬ್ಬರಿಗೂ ಅರ್ಧರ್ಧ ಸಮಯ. ಅಂಗಡಿಗೆ 50, ಹುಡುಗಿಗೆ 5, ಒಟ್ಟು 55.

ಇವತ್ತು ಮೊಬೈಲ್ ಜಾಲಗಳಲ್ಲಿ ಹೆಚ್ಚಾಗಿ ನಡೆಯುವುದು ಈ ಮೂರನೆಯ ದಾರಿಯ ಸುಧಾರಿತ ರೂಪ. ಇದರ ಹಿಂದಿನ ಗಣಿತ 1997ರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಫ್ರಾಂಕ್ ಕೆಲಿ ಅವರ ಲೇಖನದಿಂದ ಹೆಸರಾಯಿತು. ಅವರು ಬರೆದದ್ದು ತಂತಿಯ ಜಾಲಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುವಾಗ ಎಷ್ಟು ಎಂಬಿಪಿಎಸ್ ಹೋಯಿತು, ಎಷ್ಟು ಬಂತು ಎಂದು ನೋಡಬೇಡಿ. ಅವರವರ ಪಾಲಿನಲ್ಲಿ ಶೇಕಡಾ ಎಷ್ಟು ಏರಿತು, ಶೇಕಡಾ ಎಷ್ಟು ಇಳಿಯಿತು ಎಂದು ನೋಡಿ ಎಂಬುದು ಅದರ ತಿರುಳು. ನಮ್ಮ ಲೆಕ್ಕದಲ್ಲಿ 50 ಮತ್ತು 5 ಇದ್ದಾಗ ಹುಡುಗಿಯ ಸಮಯದಿಂದ ಸ್ವಲ್ಪ ತೆಗೆದು ಅಂಗಡಿಗೆ ಕೊಟ್ಟರೆ 60 ಮತ್ತು 4 ಆಗುತ್ತದೆ. ಎಂಬಿಪಿಎಸ್ ಲೆಕ್ಕದಲ್ಲಿ 10 ಬಂತು, 1 ಹೋಯಿತು, ಭಾರಿ ಲಾಭ. ಶೇಕಡಾ ಲೆಕ್ಕದಲ್ಲಿ ಅವರಿಗೆ 20 ಏರಿತು, ಇವಳಿಗೆ 20 ಇಳಿಯಿತು, ಲಾಭವೇನೂ ಇಲ್ಲ. 5 ಎಂಬಿಪಿಎಸ್ ಇರುವವಳಿಗೆ ಒಂದು ಎಂಬಿಪಿಎಸ್ ಎಷ್ಟು ದೊಡ್ಡದು ಎಂಬುದನ್ನು ಈ ಗಣಿತ ಕಾಣುತ್ತದೆ. ಇದರ ಮೇಲೆ ನನಗಿರುವ ಗೌರವಕ್ಕೆ ಅದೇ ಕಾರಣ.

2000ದ ಸುಮಾರಿಗೆ ಸಂವಹನ ವಿಜ್ಞಾನಿ ಡೇವಿಡ್ ತ್ಸೆ ಮತ್ತು ಮೊಬೈಲ್ ಚಿಪ್ ತಯಾರಿಸುವ ಕ್ವಾಲ್‌ಕಾಮ್ ಕಂಪನಿಯ ಎಂಜಿನಿಯರುಗಳು ಇದನ್ನು ನಿಸ್ತಂತು ಜಾಲಕ್ಕೆ ಒಗ್ಗಿಸಿದರು. ಗಾಳಿಯಲ್ಲಿ ಬರುವ ಸಂಕೇತ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಬಸ್ಸು ಅಡ್ಡ ಬಂದರೆ ಇಳಿಯುತ್ತದೆ, ನೀವು ಎರಡು ಹೆಜ್ಜೆ ಸರಿದರೆ ಏರುತ್ತದೆ. ಅವರ ಸೂತ್ರ ಬಹಳ ಸರಳ. ಈ ಕ್ಷಣ ಈ ಫೋನಿಗೆ ಎಷ್ಟು ವೇಗ ಸಾಧ್ಯ ಎಂಬುದನ್ನು, ಇತ್ತೀಚೆಗೆ ಅದಕ್ಕೆ ಸರಾಸರಿ ಎಷ್ಟು ಸಿಕ್ಕಿದೆ ಎಂಬುದರಿಂದ ಭಾಗಿಸಿ. ಯಾರ ಭಾಗಲಬ್ಧ ದೊಡ್ಡದೋ ಅವರಿಗೆ ಸರದಿ. ಅಂಗಡಿಯವರಿಗೆ ಈಗ 90 ಸಾಧ್ಯ, ಸರಾಸರಿ 60 ಸಿಕ್ಕಿದೆ, ಭಾಗಿಸಿದರೆ ಒಂದೂವರೆ. ಹುಡುಗಿಗೆ ಈಗ 12 ಸಾಧ್ಯ, ಸಿಕ್ಕಿರುವ ಸರಾಸರಿ 4, ಭಾಗಿಸಿದರೆ ಮೂರು. ಈ ಮಿಲಿಸೆಕೆಂಡು ಹುಡುಗಿಯದು. ಯಾರನ್ನೂ ಕೈಬಿಡದೆ, ಅವರವರ ಒಳ್ಳೆಯ ಕ್ಷಣ ನೋಡಿ ಕೊಡುವುದರಿಂದ ಅರ್ಧರ್ಧ ಹಂಚಿದ್ದಕ್ಕಿಂತ ಇಬ್ಬರಿಗೂ ಹೆಚ್ಚೇ ಸಿಗುತ್ತದೆ.

ಹಂಚಿಕೆ ಎಷ್ಟು ಸಮವಾಗಿದೆ ಎಂದು ಅಳೆಯಲು ಒಂದು ಅಂಕವೂ ಇದೆ. ಅದು ರಾಜ್ ಜೈನ್ ಅವರ ಹೆಸರಿನಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಇ. ಮುಗಿಸಿ ಹಾರ್ವರ್ಡ್‌ಗೆ ಹೋದವರು ಅವರು. 1984ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಈ ಅಳತೆ ಕೊಟ್ಟರು. ಎಲ್ಲರಿಗೂ ಸಮನಾಗಿ ಸಿಕ್ಕರೆ 1. ಇಬ್ಬರಲ್ಲಿ ಒಬ್ಬರಿಗೇ ಎಲ್ಲ ಸಿಕ್ಕರೆ ಅರ್ಧ. ನಮ್ಮ 50 ಮತ್ತು 5ಕ್ಕೆ ಬರುವುದು ಸುಮಾರು 0.6. ಅಂದರೆ ಇಬ್ಬರಿಗೂ ಸಮಸಮ ಸಮಯ ಕೊಟ್ಟ ಹಂಚಿಕೆಯೂ ಕೈಗೆ ಬಂದ ವೇಗದ ಅಳತೆಯಲ್ಲಿ ತೀರಾ ಅಸಮ. ಸಮಯದಲ್ಲಿ ಸಮಾನತೆ ಬೇಕೋ, ವೇಗದಲ್ಲಿ ಬೇಕೋ ಎಂಬುದಕ್ಕೆ ಗಣಿತ ಉತ್ತರ ಕೊಡಲಾರದು. ಅದನ್ನು ಮನುಷ್ಯರೇ ಆಯ್ಕೆ ಮಾಡಿದ್ದಾರೆ. ಮೊಬೈಲ್ ತಂತ್ರಜ್ಞಾನದ ಮಾನದಂಡ ರೂಪಿಸುವ 3ಜಿಪಿಪಿ ಸಂಸ್ಥೆ ತುಂಡಿನ ಅಳತೆಯಿಂದ ಹಿಡಿದು ಫೋನು ಕಳಿಸುವ ಅಂಕದವರೆಗೆ ಎಲ್ಲವನ್ನೂ ನಿಗದಿ ಮಾಡಿದೆ. ಶೆಡ್ಯೂಲರ್ ಹೇಗೆ ಹಂಚಬೇಕು ಎಂಬುದನ್ನು ಮಾತ್ರ ಉಪಕರಣ ತಯಾರಕರಿಗೆ ಬಿಟ್ಟಿದೆ. ಕೋಟ್ಯಂತರ ಜನರ ಪಾಲು ನಿರ್ಧರಿಸುವ ಸೂತ್ರ ಕಂಪನಿಗಳ ಒಳಗೇ ಉಳಿದಿದೆ. ಇದು ನಮಗೆ ಗೊತ್ತಿರಬೇಕಾದ ಸಂಗತಿ.

ಕೆಲವು ಪಾಲುಗಳನ್ನು ಮೊದಲೇ ತೆಗೆದಿಡಲಾಗುತ್ತದೆ. 4ಜಿಯಲ್ಲಿ ಫೋನ್ ಕರೆಯ ಮಾತು 20 ಮಿಲಿಸೆಕೆಂಡಿಗೊಂದು ಪುಟ್ಟ ಪೊಟ್ಟಣವಾಗಿ ಹೋಗುತ್ತದೆ, ವಿಡಿಯೊಗಳ ನಡುವೆ ಅದಕ್ಕೆ ಖಚಿತ ಜಾಗವಿರುತ್ತದೆ. ಪ್ರವಾಹ, ಕಾಲ್ತುಳಿತದಂಥ ಹೊತ್ತಿನಲ್ಲಿ ಇನ್ನೂ ಕಠಿಣವಾದ ಏರ್ಪಾಡಿದೆ. ಪ್ರತಿ ಸಿಮ್ಮಿನಲ್ಲೂ 0ಯಿಂದ 9ರೊಳಗಿನ ಒಂದು ವರ್ಗಸಂಖ್ಯೆ ಇರುತ್ತದೆ. ಜಾಲ ಉಸಿರುಗಟ್ಟಿದಾಗ ಕೆಲವು ವರ್ಗಗಳನ್ನು ಸ್ವಲ್ಪ ಹೊತ್ತು ತಡೆದು, ಆಮೇಲೆ ಅವನ್ನು ಬಿಟ್ಟು ಬೇರೆಯವನ್ನು ತಡೆಯಬಹುದು. ಬಡವ ಬಲ್ಲಿದ ಎಂಬ ಭೇದ ಅಲ್ಲಿಲ್ಲ. 11ರಿಂದ 15ರವರೆಗಿನ ವಿಶೇಷ ವರ್ಗಗಳಲ್ಲಿ ಭದ್ರತೆ, ತುರ್ತು ಸೇವೆಯಂಥ ಕೆಲಸದವರು ಬರುತ್ತಾರೆ. 112ರಂಥ ತುರ್ತು ಕರೆಗೆ ಪ್ರತ್ಯೇಕ ದಾರಿ ಇದೆ. ಹಂಚಿಕೆಯಲ್ಲಿ ಎಲ್ಲರೂ ಒಪ್ಪುವ ಭಾಗ ಇದ್ದರೆ ಇದೇ.

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ಇನ್ನೊಂದು ಬಗೆಯ ಹಂಚಿಕೆ ಕಂಡೆವು. ವಿಡಿಯೊ ತೋರಿಸುವ ಕಂಪನಿಗಳು ಸೇರಿ, ಮೊಬೈಲಿನಲ್ಲಿ ಎಚ್‌ಡಿ ನಿಲ್ಲಿಸಿ ಹೆಚ್ಚೆಂದರೆ 480ಪಿ ಮಾತ್ರ ಕೊಡುತ್ತೇವೆ ಎಂದು ಕೆಲವು ವಾರಗಳ ಮಟ್ಟಿಗೆ ತೀರ್ಮಾನಿಸಿದವು. ಚಿತ್ರ ಸ್ವಲ್ಪ ಮಸುಕಾದರೂ ನಡೆದೀತು, ಜಾಲ ಎಲ್ಲರಿಗೂ ಉಳಿಯಲಿ ಎಂಬ ಉದ್ದೇಶ. ಅದೇ ವರ್ಷ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದರು, ಮಳೆಗೆ ಪ್ಲಾಸ್ಟಿಕ್ ಹೊದಿಸಿದ ಗುಡಾರಗಳಲ್ಲಿ ಕೂತು ಓದಿದರು. ಅವರ ಕಷ್ಟಕ್ಕೆ ಯಾವ ಶೆಡ್ಯೂಲರೂ ಪರಿಹಾರ ಕೊಡಲಾರದು. 10 ಎಂಬಿಪಿಎಸ್ ಜಾಗದಲ್ಲಿ ಕೂತವಳಿಗೆ ಎಷ್ಟು ನ್ಯಾಯವಾಗಿ ಹಂಚಿದರೂ ಸಿಗುವುದು ಆ 10 ಎಂಬಿಪಿಎಸ್‌ನ ಒಂದು ಭಾಗ ಮಾತ್ರ. ಆ 10 ಅನ್ನು 40 ಮಾಡುವುದು ಹತ್ತಿರದ ಟವರು, ಇಲ್ಲವೇ ದೂರ ಹೋಗುವ ಕೆಳ ಪಟ್ಟಿಯ ತರಂಗಾಂತರ. 700, 900 ಮೆಗಾಹರ್ಟ್ಸ್ ಅಲೆಗಳು ದೂರ ತಲುಪುತ್ತವೆ, ಗೋಡೆ ಮರಗಳ ನಡುವೆಯೂ ನುಸುಳುತ್ತವೆ. 5ಜಿಗೆ ಹೆಚ್ಚಾಗಿ ಬಳಕೆಯಾಗುವ 3300 ಮೆಗಾಹರ್ಟ್ಸ್ ಪಟ್ಟಿ ವೇಗ ಕೊಡುತ್ತದೆ, ಅಷ್ಟು ದೂರ ಹೋಗುವುದಿಲ್ಲ.

ತರಂಗಾಂತರ ಯಾರದು? 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ ಮೊಬೈಲ್ ಕಂಪನಿಗಳ 122 2ಜಿ ಪರವಾನಗಿಗಳನ್ನು ರದ್ದು ಮಾಡಿತು. ನೈಸರ್ಗಿಕ ಸಂಪತ್ತು ಜನರದು, ಸರ್ಕಾರ ಅದನ್ನು ಜನರ ಪರವಾಗಿ ಕಾಯುವ ಧರ್ಮದರ್ಶಿ ಎಂಬ ನೆಲೆಯಲ್ಲಿ ಬಂದ ತೀರ್ಪು ಅದು. ಮೊಬೈಲ್ ಕಂಪನಿಗಳ ಆದಾಯದ ಒಂದು ಪಾಲು, ಸೇವೆ ಇಲ್ಲದ ಊರುಗಳಿಗೆಂದು ಮೀಸಲಾದ ನಿಧಿಗೆ ಹೋಗುತ್ತದೆ. ಅದರ ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ಗುಡ್ಡದಾಚೆಯ ಹುಡುಗಿಗೆ ಸಲ್ಲಬೇಕಾದ ನ್ಯಾಯದ ದೊಡ್ಡ ಭಾಗ ಈ ದುಡ್ಡು ಎಲ್ಲಿ ಟವರಾಗಿ ನಿಲ್ಲುತ್ತದೆ ಎಂಬುದರಲ್ಲಿದೆ.

ಹೊಸ ಪ್ರಶ್ನೆಯೊಂದು ಬಾಗಿಲಿಗೆ ಬಂದಿದೆ. 5ಜಿಯಲ್ಲಿ ಒಂದೇ ಟವರಿನ ಸಾಮರ್ಥ್ಯವನ್ನು ಪ್ರತ್ಯೇಕ ಪಾಲುಗಳಾಗಿ ಕತ್ತರಿಸಿ, ಒಂದು ಪಾಲನ್ನು ಕಾರ್ಖಾನೆಗೋ ಮನೆಯ ಬ್ರಾಡ್‌ಬ್ಯಾಂಡಿಗೋ ಖಾತ್ರಿಯಾಗಿ ಕೊಡಬಹುದು. ಸ್ಲೈಸಿಂಗ್ ಎನ್ನುತ್ತಾರೆ. ಆಸ್ಪತ್ರೆಗೆ, ಆ್ಯಂಬುಲೆನ್ಸಿಗೆ ಅಂಥ ಪಾಲು ಬೇಕೇ ಬೇಕು. ಹೆಚ್ಚು ಕಾಸು ಕೊಟ್ಟವರ ಮನರಂಜನೆಗೆ ಕತ್ತರಿಸಿಟ್ಟು, ಉಳಿದದ್ದನ್ನು ಉಳಿದವರು ಹಂಚಿಕೊಳ್ಳಲಿ ಎಂದರೆ ನಾನು ಒಪ್ಪಲಾರೆ. 2016ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನೋಡುವ ವಿಷಯಕ್ಕೆ ತಕ್ಕಂತೆ ಡೇಟಾ ದರ ಬದಲಿಸಬಾರದು ಎಂದು ನಿಯಮ ಮಾಡಿತು. ಆಗ ದೇಶದ ತುಂಬ ಜನ ಅದಕ್ಕಾಗಿ ಪತ್ರ ಬರೆದಿದ್ದರು. ಸ್ಲೈಸಿಂಗ್ ವಿಷಯದಲ್ಲೂ ಅಂಥ ಎಚ್ಚರ ಬೇಕು.

ಜಾಹೀರಾತಿನ ವೇಗದ ಬಗ್ಗೆ ಒಂದು ಮಾತು. 5ಜಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇಟ್ಟ ಗುರಿಗಳಲ್ಲಿ ಗರಿಷ್ಠ ವೇಗ 20 ಜಿಬಿಪಿಎಸ್, ಅಂದರೆ 20,000 ಎಂಬಿಪಿಎಸ್. ಅದೇ ಪಟ್ಟಿಯಲ್ಲಿ, ದಟ್ಟ ನಗರದಲ್ಲಿ ಬಳಕೆದಾರರ ಕೈಗೆ ಬರಬೇಕಾದ ವೇಗ 100 ಎಂಬಿಪಿಎಸ್, ಇನ್ನೂರರಲ್ಲಿ ಒಂದು ಪಾಲು. ಆ 100ರ ಲೆಕ್ಕವನ್ನು ಸರಾಸರಿಯಿಂದ ತೆಗೆದಿಲ್ಲ. ಕೆಳಗಿನ ಶೇಕಡಾ 5ರ ಗಡಿಯಲ್ಲಿ ನಿಂತವರಿಗೆ ಎಷ್ಟು ಸಿಕ್ಕಿತು ಎಂಬುದನ್ನು ನೋಡಿ ತೆಗೆಯುತ್ತಾರೆ. ನಮ್ಮ ಕಂಪನಿಗಳೂ ಪ್ರತಿ ತಾಲ್ಲೂಕಿಗೆ ಆ ಅಂಚಿನ ಅಂಕಿಯನ್ನು ಪ್ರಕಟಿಸಲಿ ಎಂಬುದು ನನ್ನ ಒತ್ತಾಯ. ಸರಾಸರಿ ಅಂಕಿಯಲ್ಲಿ ಗುಡ್ಡದಾಚೆಯ ಮನೆ ಕಾಣಿಸುವುದೇ ಇಲ್ಲ.

ಅಲ್ಲಿಯತನಕ ನೀವೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಹಾಕಿಕೊಂಡು, ಮನೆಯ ಒಂದೇ ಜಾಗದಲ್ಲಿ ನಿಂತು ಬೆಳಗಿನ ಜಾವ ಒಮ್ಮೆ, ರಾತ್ರಿ ಒಂಬತ್ತರ ಹೊತ್ತಿಗೆ ಒಮ್ಮೆ ವೇಗ ನೋಡಿ. ಬೆಳಗ್ಗೆ ಚೆನ್ನಾಗಿದ್ದು ರಾತ್ರಿ ಕುಸಿದರೆ ಟವರಿನಲ್ಲಿ ಪಾಲುದಾರರು ಹೆಚ್ಚಿದ್ದಾರೆ, ಸಾಮರ್ಥ್ಯ ಸಾಲುತ್ತಿಲ್ಲ. ಎರಡು ಹೊತ್ತೂ ಕಡ್ಡಿ ಕಡಿಮೆಯಿದ್ದು ವೇಗವೂ ಇಲ್ಲದಿದ್ದರೆ ಟವರು ದೂರವಿದೆ. ಮೊದಲನೆಯದಕ್ಕೆ ಇರುವ ಟವರಿಗೇ ತರಂಗಾಂತರ ಹೆಚ್ಚಿಸಬೇಕು, ಎರಡನೆಯದಕ್ಕೆ ಹೊಸ ಟವರು, ಇಲ್ಲವೇ ಕೆಳ ಪಟ್ಟಿಯ ತರಂಗಾಂತರ ಬೇಕು. ಕಂಪನಿಗೆ ದೂರು ಕೊಡುವಾಗ ನೆಟ್‌ವರ್ಕ್ ಇಲ್ಲ ಎಂದಷ್ಟೇ ಹೇಳಿದರೆ, ನಿಮ್ಮಲ್ಲಿ ಕವರೇಜ್ ಇದೆಯಲ್ಲ ಎಂಬ ಉತ್ತರ ಬರುತ್ತದೆ. ಜಾಗ, ಹೊತ್ತು, ಎರಡೂ ಹೊತ್ತಿನ ವೇಗ ಇಷ್ಟನ್ನು ಬರೆದು ಕೊಡಿ. ಅಕ್ಕಪಕ್ಕದ ನಾಲ್ಕು ಮನೆಯವರೂ ಬರೆದು ಕೊಡಲಿ.

ನಮಸ್ಕಾರ.