ಚೆಂಡಿನ ಅಳತೆಗೋಲು ಯಾರ ಕೈಯಲ್ಲಿರಬೇಕು?

ಕೇಳುಗರಿಗೆ ನಮಸ್ಕಾರ.

ಗಾಲ್ಫ್ ಚೆಂಡು 45.93 ಗ್ರಾಂಗಿಂತ ಹೆಚ್ಚು ತೂಗಬಾರದು, ಅದರ ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಭಾನುವಾರ ಬೆಳಿಗ್ಗೆ ಹವ್ಯಾಸಕ್ಕೆ ಆಡುವವರಿಗೂ ಜಗತ್ತಿನ ಅಗ್ರ ವೃತ್ತಿಪರ ರೋರಿ ಮೆಕಿಲ್‌ರಾಯ್‌ಗೂ ಇದೇ ಲೆಕ್ಕ. ಈ ನಿಯಮ ಬರೆಯುವ ಸಂಸ್ಥೆಗಳು ಎರಡು. ಅಮೆರಿಕ, ಮೆಕ್ಸಿಕೊಗಳಿಗೆ ಅಮೆರಿಕದ ಗಾಲ್ಫ್ ಸಂಘವಾದ ಯುಎಸ್‌ಜಿಎ. ಭಾರತವೂ ಸೇರಿ ಉಳಿದ ಜಗತ್ತಿಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ. ವೃತ್ತಿಪರರಿಗೆ ನಿಯಮ ಬರೆಯುವ ಕೆಲಸವನ್ನು ಅವರ ಟೂರ್‌ಗಳಿಗೇ, ಅಂದರೆ ವೃತ್ತಿಪರ ಟೂರ್ನಿಗಳ ಸರಣಿ ನಡೆಸುವ ಸಂಸ್ಥೆಗಳಿಗೇ, ಬಿಡಬಾರದೇಕೆ ಎಂಬ ವಾದ ಆಗಾಗ ಏಳುತ್ತದೆ. ಬಿಡಬಾರದು ಎಂಬುದು ನನ್ನ ಪಕ್ಷ.

ಈ ಇಬ್ಬರ ಅಳತೆಯೇ ಹಿಂದೆ ಬೇರೆಬೇರೆ ಇತ್ತು. ಆರ್ ಅಂಡ್ ಎ ಸುಮಾರು 41 ಮಿಲಿಮೀಟರಿನ ಸಣ್ಣ ಚೆಂಡಿಗೆ ಒಪ್ಪಿತ್ತು, ಅಮೆರಿಕ ಒಪ್ಪಿರಲಿಲ್ಲ. 1974ರಲ್ಲಿ ಬ್ರಿಟನ್ನಿನ ಓಪನ್ ಟೂರ್ನಿಯಲ್ಲಿ ದೊಡ್ಡ ಚೆಂಡು ಕಡ್ಡಾಯವಾಯಿತು. ಸಣ್ಣದು ಪೂರ್ತಿ ಮರೆಯಾಗಲು 1990 ಬರಬೇಕಾಯಿತು. ಒಂದು ಚೆಂಡನ್ನು ಒಂದಾಗಿಸಲು ಅಷ್ಟು ವರ್ಷ!

ಈಗಿನ ಜಗಳ ದೂರದ್ದು. 2004ರಿಂದ ನಡೆದುಬಂದ ಪರೀಕ್ಷೆಯಲ್ಲಿ ಯಂತ್ರ ಗಂಟೆಗೆ 120 ಮೈಲಿ ವೇಗದಲ್ಲಿ ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಕೋಲು, ಬೀಸುತ್ತದೆ. ಚೆಂಡು 317 ಗಜ ದಾಟಬಾರದು, ವಿನಾಯಿತಿ 3 ಗಜ. ಆದರೆ ಇಂದಿನ ಬಲಿಷ್ಠರು ಆ ವೇಗವನ್ನೇ ಮೀರಿ ಬೀಸುತ್ತಾರೆ. ಹಾಗಾಗಿ 2023ರ ಮಾರ್ಚ್‌ನಲ್ಲಿ ಉನ್ನತ ಸ್ಪರ್ಧೆಗಳಿಗೆ ಮಾತ್ರ ಬೇರೆ ಚೆಂಡು ಎಂಬ ಪ್ರಸ್ತಾಪ ಈ ಎರಡು ಸಂಸ್ಥೆಗಳಿಂದ ಬಂತು. ಅಮೆರಿಕದ ವೃತ್ತಿಪರರ ಪಿಜಿಎ ಟೂರ್ ಬೇಡವೆಂದಿತು, ತಯಾರಕರೂ ವಿರೋಧಿಸಿದರು. ಡಿಸೆಂಬರ್ ಹೊತ್ತಿಗೆ ಅದು ಎಲ್ಲರಿಗೂ ಒಂದೇ ನಿಯಮವಾಗಿ ಬದಲಾಯಿತು: ವೇಗ 125 ಮೈಲಿ, ಚೆಂಡಿನ ತಿರುಗು ನಿಮಿಷಕ್ಕೆ 2200 ಸುತ್ತು, ಅದು ಏಳುವ ಕೋನ 11 ಡಿಗ್ರಿ, ಮಿತಿ ಅದೇ 317 ಗಜ. ಅಂದರೆ ಚೆಂಡು ಮೊದಲಿನಷ್ಟು ಹಾರಕೂಡದು. ಆಗ ಸಾರಿದ ವೇಳಾಪಟ್ಟಿಯಲ್ಲಿ ಉನ್ನತ ಆಟಗಾರರಿಗೆ 2028, ಉಳಿದವರಿಗೆ 2030. ಅತಿ ದೂರ ಹೊಡೆಯುವವರಿಗೆ 13ರಿಂದ 15 ಗಜ, ಮಹಿಳೆಯರ ವೃತ್ತಿಪರ ಟೂರ್ ಎಲ್‌ಪಿಜಿಎ ಆಟಗಾರ್ತಿಯರಿಗೆ 5ರಿಂದ 7 ಗಜ, ಹವ್ಯಾಸಿಗೆ 5 ಗಜದೊಳಗೆ ನಷ್ಟ ಎಂದು ಆ ಸಂಸ್ಥೆಗಳೇ ಅಂದಾಜು ಕೊಟ್ಟವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದದ್ದು ದೂರದ ಹೊಡೆತದಿಂದಲ್ಲ, ಪಟ್‌ಗಳಿಂದ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಮೆಲು ಹೊಡೆತಗಳಿಂದ.

ತಯಾರಕರ ತಳಮಳ ಅರ್ಥವಾಗುವಂಥದ್ದೇ. ವೃತ್ತಿಪರ ಹೊಡೆಯುವ ಚೆಂಡನ್ನೇ ನೀವೂ ಹೊಡೆಯಿರಿ ಎಂಬುದರ ಮೇಲೆ ಅಂಗಡಿ ನಿಂತಿದೆ. ಆಟಗಾರರ ಟೋಪಿಯ ಮೇಲೆ ತಯಾರಕರದೇ ಹೆಸರು. ಅಂಥ ಆಟಗಾರರ ಟೂರ್ ಕೈಗೆ ಅಳತೆಗೋಲು ಕೊಟ್ಟರೆ ಅದು ಎತ್ತ ವಾಲೀತು? ಇನ್ನೊಂದು ತೊಡಕೂ ಇದೆ. ಯುಎಸ್ ಓಪನ್ ನಡೆಸುವುದು ಯುಎಸ್‌ಜಿಎ, ಓಪನ್ ನಡೆಸುವುದು ಆರ್ ಅಂಡ್ ಎ. ಟೂರ್ ಬೇರೆ ನಿಯಮ ಮಾಡಿದರೆ ಆಟಗಾರ ವಾರ ಬದಲಾದಂತೆ ಚೆಂಡು ಬದಲಿಸಿ, ಚೀಲದಲ್ಲಿರುವ ಒಂದೊಂದು ಐರನ್ ಕೋಲಿನ ದೂರವನ್ನೂ ಮತ್ತೆ ಕಲಿಯಬೇಕು.

ಹಾಗೆಂದು ಎಲ್ಲವೂ ಒಂದೇ ಆಗಬೇಕಿಲ್ಲ. ಪಟ್ ಹೊಡೆಯುವ ಪಟ್ಟರ್ ಬಿಟ್ಟು ಉಳಿದ ಕೋಲುಗಳ ಉದ್ದ 48 ಇಂಚಿನವರೆಗೆ ಇರಬಹುದು. 2022ರಿಂದ ವೃತ್ತಿಪರ ಸ್ಪರ್ಧೆಗಳು ಸ್ಥಳೀಯ ನಿಯಮ ಹಾಕಿ ಅದನ್ನು 46ಕ್ಕೆ ಇಳಿಸಬಹುದು. ಚೆಂಡನ್ನು ಎತ್ತರಕ್ಕೆ ಎತ್ತಿ ಹೊಡೆಯುವ ವೆಡ್ಜ್ ಕೋಲಿನ ಮುಖದ ಗೀರುಗಳ ನಿಯಮವೂ 2010ರಲ್ಲಿ ಮೊದಲು ಬಿಗಿಯಾದದ್ದು ವೃತ್ತಿಪರರಿಗೆ. ನಿಯಮ ಬರೆಯುವುದು ಆ ಎರಡು ಸಂಸ್ಥೆಗಳೇ, ಎಲ್ಲಿ ಬಿಗಿ ಮಾಡಬೇಕೆಂಬುದು ಸ್ಪರ್ಧೆಗೆ ಬಿಟ್ಟದ್ದು. ಈ ದಾರಿ ಸಾಕು.

ಸಾಲದಿರುವುದು ತಪಾಸಣೆ. ಡ್ರೈವರ್ ಮುಖಕ್ಕೆ ಪುಟ್ಟ ಉಕ್ಕಿನ ಗುಂಡೊಂದನ್ನು ಲೋಲಕದಂತೆ ಬಿಟ್ಟು, ಅದು ಮುಟ್ಟಿಕೊಂಡಿರುವ ಹೊತ್ತನ್ನು ಅಳೆಯುತ್ತಾರೆ. ಮಿತಿ 239 ಮೈಕ್ರೊಸೆಕೆಂಡ್, ವಿನಾಯಿತಿ 18. 257 ದಾಟಿದರೆ ಆ ಡ್ರೈವರ್ ಹೊರಗೆ. ಮುಟ್ಟಿರುವ ಹೊತ್ತು ಹೆಚ್ಚಿದಷ್ಟೂ ಲೋಹ ಹೆಚ್ಚು ಬಾಗುತ್ತದೆ, ಚೆಂಡು ಹೆಚ್ಚು ಚಿಮ್ಮುತ್ತದೆ. ಕಾರ್ಖಾನೆಯಿಂದ ಮಿತಿಯ ಅಂಚಿನಲ್ಲೇ ಬಂದ ಮುಖ ಸಾವಿರಾರು ಹೊಡೆತ ತಿಂದು ಸಡಿಲವಾಗುತ್ತದೆ. ಬಿರುಕು ಬಿಡುವ ಮುಂಚೆಯೇ ಮಿತಿ ದಾಟಿರಬಹುದು. ಆಟಗಾರನಿಗೆ ಗೊತ್ತೇ ಆಗುವುದಿಲ್ಲ. 2019ರ ಓಪನ್‌ಗೆ ಮುನ್ನ ಅಮೆರಿಕದ ಆಟಗಾರ ಝ್ಯಾಂಡರ್ ಷಾಫೆಲಿಯ ಡ್ರೈವರ್ ಪರೀಕ್ಷೆಯಲ್ಲಿ ಬಿದ್ದಿತು. ಎಲ್ಲರದ್ದನ್ನೂ ಪರೀಕ್ಷಿಸಲಿ ಎಂದು ಅವರು ಕೇಳಿದ್ದು ನ್ಯಾಯವೇ, ಏಕೆಂದರೆ ಆಗ ಪರೀಕ್ಷಿಸಿದ್ದು ಆಯ್ದ ಕೆಲವರದ್ದನ್ನು ಮಾತ್ರ. ವಾರಕ್ಕೊಮ್ಮೆ ಆಡುವವರ ಡ್ರೈವರ್ ಅಷ್ಟು ಹೊಡೆತ ಕಾಣಲು ವರ್ಷಗಳೇ ಬೇಕು, ಅವರನ್ನು ಬಿಡಿ. ವೃತ್ತಿಪರರ ಡ್ರೈವರ್‌ಗಳನ್ನಾದರೂ ಮೊದಲ ಸುತ್ತಿಗೆ ಮುನ್ನ ಒಂದೂ ಬಿಡದೆ ಲೋಲಕದಡಿ ಇಡಬೇಕು. ಚೀಲದಲ್ಲಿರುವ ಬದಲಿ ಡ್ರೈವರನ್ನೂ ಸೇರಿಸಿ.