ಮೂಕಿ ಭಾರ

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ನಮ್ಮ ಕೂಟದ ಮೂರ್ನಾಲ್ಕು ಮನೆಯವರು ಊರು ಬದಲಿಸುತ್ತಿದ್ದೀರಿ. ಸಾಮಾನಿಗೆ ಲಾರಿ ಯಾಕೆ, ಬಾಡಿಗೆ ಟ್ರೇಲರ್ ತಂದು ನಮ್ಮ ವ್ಯಾನಿಗೇ ಕಟ್ಟಿಕೊಂಡರಾಯಿತು ಅನ್ನುವ ಮಾತು ಕಿವಿಗೆ ಬಿತ್ತು. ಹಾಗಾಗಿ ಇವತ್ತು ಇಲ್ಲಿ ನಿಂತಿದ್ದೇನೆ.

ಎತ್ತಿನ ಗಾಡಿಗೆ ಹೇರು ಹೇರಿದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ. ನಾಲ್ಕು ಕೈ. ಆ ನಾಲ್ವರು ಈಗಲೇ ಕಾಫಿಗೆ ಹೋಗಬಹುದು. ಹಿಂಭಾರವಾದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಉದ್ದ ಮರ, ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಕುಸಿಯುತ್ತದೆ ಅನ್ನುವುದು ಅವರಿಗೆ ಗೊತ್ತು. ನೊಗ ಎತ್ತಿ ನೋಡಿ, ಒಂದೆರಡು ಮೂಟೆ ಹಿಂದೆ ಮುಂದೆ ಸರಿಸಿಯೇ ಗಾಡಿ ಕಟ್ಟುತ್ತಿದ್ದರು. ಟ್ರೇಲರಿಗೂ ಅದೇ ಲೆಕ್ಕ. ಆದರೆ ಎತ್ತಾದರೆ ನಿಂತುಬಿಡುತ್ತದೆ. ಕಾರು ತುಟಿಪಿಟಕ್ಕೆನ್ನದೆ ಗಂಟೆಗೆ 60 ಮೈಲಿ ವೇಗಕ್ಕೆ ಹೋಗಿಬಿಡುತ್ತದೆ.

ನಾನು ಇದನ್ನು ಕಲಿತದ್ದು ಲಾಸ್ ಏಂಜಲೀಸ್‌ನಿಂದ ಸ್ಯಾನ್ ಹೋಸೆಗೆ ಮನೆ ಸಾಗಿಸುವಾಗ. ಸೋಫಾ, ಹಾಸಿಗೆ ಮೊದಲು ಒಳಗೆ ಹೋದವು. ಪುಸ್ತಕದ ಡಬ್ಬಗಳು, ಗ್ರೈಂಡರ್, ಅದರ ಕಲ್ಲು ಎಲ್ಲ ಕೊನೆಗೆ, ಬಾಗಿಲ ಹತ್ತಿರ. ಹಗುರದ್ದು ಮುಂದೆ, ಭಾರದ್ದು ಹಿಂದೆ. ಐ-5 ಹೆದ್ದಾರಿಯಲ್ಲಿ ಗ್ರೇಪ್‌ವೈನ್ ಅನ್ನುವ ಕಡಿದಾದ ಇಳಿಜಾರು, ಪಕ್ಕದಲ್ಲಿ ಒಂದು ದೊಡ್ಡ ಲಾರಿ ಹಾದುಹೋಯಿತು. ಆ ಗಾಳಿಗೆ ಟ್ರೇಲರ್ ಒಮ್ಮೆ ಬಾಲ ಅಲ್ಲಾಡಿಸಿತು. ಇನ್ನೊಮ್ಮೆ, ಇನ್ನೂ ಜೋರಾಗಿ. ಎಡಗನ್ನಡಿಯಲ್ಲಿ ಇಣುಕಿ ಮಾಯವಾಗಿ ಬಲಗನ್ನಡಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಹಿಂದಿನ ಸೀಟಿನಿಂದ ನಮ್ಮ ಅತ್ತೆ, “ಇದೇನು, ದೋಣೀಲಿ ಕೂತ ಹಾಗಾಗ್ತಾ ಇದೆಯಲ್ಲ” ಅಂದರು. ನನ್ನ ಕಾಲು ಬ್ರೇಕಿಗೆ ಹೋಯಿತು.

ಹೋಗಬಾರದಿತ್ತು. ಕಾರು ತಟ್ಟನೆ ತಗ್ಗಿದರೆ ಟ್ರೇಲರ್ ಹಿಂದಿನಿಂದ ದಬ್ಬುತ್ತದೆ, ತೂಗಾಟ ಹೆಚ್ಚುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಟ್ರೇಲರಿಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದು ಅದರ ಕಂಟ್ರೋಲರ್ ಕಾರಿನಲ್ಲಿದ್ದರೆ ಅದೊಂದನ್ನೇ ಒತ್ತಿ. ಅತ್ತಿತ್ತ ತಿರುಗಿಸಿ ಸರಿಮಾಡಲು ಹೋಗಬೇಡಿ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ನಾವು ಉಳಿದದ್ದು ನನ್ನ ಜಾಣತನದಿಂದಲ್ಲ, ಅಕ್ಕಪಕ್ಕದ ಲೇನ್ ಖಾಲಿಯಿತ್ತು.

ಈಗ ಲೆಕ್ಕ. ಟ್ರೇಲರ್ ಮತ್ತು ಹೇರು ಸೇರಿದ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕಾರಿನ ಹಿಂದೆ ಟ್ರೇಲರ್ ಕಟ್ಟುವ ಹಿಚ್ ಮೇಲೆ ಕೂರಬೇಕು. ಇಂಗ್ಲಿಷಿನವರ ಟಂಗ್ ವೇಟ್ ನಮ್ಮ ಮೂಕಿ ಭಾರವೇ. ಒಟ್ಟು 2,000 ಪೌಂಡ್ ಆದರೆ 200ರಿಂದ 300. ಅಳೆಯುವುದು ಸುಲಭ. ಚಕ್ರಕ್ಕೆ ಅಡೆ ಕೊಟ್ಟು, ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಮರದ ತುಂಡಿಟ್ಟು, ಕಾರಿಗೆ ಕಟ್ಟಿದಾಗ ಎಷ್ಟು ಎತ್ತರವೋ ಅಷ್ಟೇ ಎತ್ತರದಲ್ಲಿ ಮೂಕಿಯನ್ನು ಅದರ ಮೇಲಿಳಿಸಿ. ಕಡಿಮೆ ತೋರಿಸಿದರೆ ಗ್ರೈಂಡರ್ ಮುಂದಕ್ಕೆ ತನ್ನಿ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ವ್ಯಾನು 3,500 ಪೌಂಡ್ ಎಳೆಯುತ್ತದೆ ಎಂದು ಪುಸ್ತಕದಲ್ಲಿ ಇರಬಹುದು. ಆದರೆ ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿ ಓದಿದ್ದೀರಾ? ಜನ, ಸಾಮಾನು ಸೇರಿ ಇಷ್ಟೇ ಎಂದು ಅದು ಹೇಳುತ್ತದೆ. ಮೂಕಿ ಭಾರವೂ ಆ ಲೆಕ್ಕಕ್ಕೇ ಬರುತ್ತದೆ. ಚೀಟಿಯಲ್ಲಿ 1,100 ಅಂತಿದ್ದು, ಮನೆಮಂದಿ 750, ಮೂಕಿ 250 ಆದರೆ, ಉಳಿದ 100ರಲ್ಲಿ ಸೂಟ್‌ಕೇಸು, ಚಿತ್ರಾನ್ನದ ಡಬ್ಬಿ ಎಲ್ಲ ಮುಗಿಯಬೇಕು.

ಹಿಚ್ಚಿನ ಗುಂಡಿನ ಮೇಲೆ ಅದರ ಅಳತೆ ಕೆತ್ತಿರುತ್ತದೆ, ಓದಿ. ಮೂಕಿಯ ತುದಿಯಲ್ಲಿ ಗುಂಡಿನ ಮೇಲೆ ಟೊಪ್ಪಿಯ ಹಾಗೆ ಕೂರುವ ಕಪ್ಲರ್ 2 ಇಂಚಿನದಾದರೆ 1⅞ ಇಂಚಿನ ಗುಂಡಿನ ಮೇಲೂ ಕೂತ ಹಾಗೆ ಕಾಣುತ್ತದೆ, ಆದರೆ ರಸ್ತೆಯ ಮೊದಲ ಹಳ್ಳದಲ್ಲೇ ಎಗರುತ್ತದೆ. ಚಿಲಕ ಹಾಕಿದ ಮೇಲೆ ಜ್ಯಾಕ್‌ನಿಂದ ಮೂಕಿ ಸ್ವಲ್ಪ ಎತ್ತಿ. ಕಾರಿನ ಹಿಂಭಾಗವೂ ಜೊತೆಗೆ ಏಳಬೇಕು. ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯ ಹಾಗೆ ದಾಟಿಸಿ ಹಾಕಿ. ಕಳಚಿದರೂ ಮೂಕಿ ರಸ್ತೆಗೆ ನಾಟದೆ ಸರಪಳಿಯ ತೊಟ್ಟಿಲಲ್ಲಿ ಬೀಳುತ್ತದೆ.

ಟ್ರೇಲರ್ ಕಟ್ಟಿದ ಕಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಗಂಟೆಗೆ 55 ಮೈಲಿಯೇ ಮಿತಿ. ನಮ್ಮವರಿಗೆ ಇದು ಅವಮಾನದಂತೆ ಕಾಣುತ್ತದೆ, ಏನು ಮಾಡೋಣ. ಹಿಮ್ಮುಖ ಹೋಗುವಾಗ ಕೈಯನ್ನು ಸ್ಟೀರಿಂಗ್ ಚಕ್ರದ ಕೆಳತುದಿಯಲ್ಲಿಡಿ. ಕೈ ಯಾವ ಕಡೆಗೆ ಸರಿಯಿತೋ ಟ್ರೇಲರ್ ಆ ಕಡೆಗೇ ಹೋಗುತ್ತದೆ.

ಹೊರಗೆ ಪಾರ್ಕಿಂಗ್‌ನಲ್ಲಿ ನನ್ನ ಟ್ರೇಲರ್ ನಿಂತಿದೆ, ಒಳಗೆ ನಾಲ್ಕು ಮೂಟೆ ಸೋನಾ ಮಸೂರಿ ಇದೆ. ತೂಕದ ಯಂತ್ರವನ್ನೂ ತಂದಿದ್ದೇನೆ. ಮೊದಲು ಮೂಟೆಗಳನ್ನು ಬಾಗಿಲ ಹತ್ತಿರ ಇಟ್ಟು ನೋಡೋಣ, ಆಮೇಲೆ ಒಂದೊಂದಾಗಿ ಮುಂದಕ್ಕೆ ತರೋಣ. ಕೈ ಎತ್ತಿದ ಆ ನಾಲ್ವರೂ ಬನ್ನಿ, ಮೂಟೆ ಹೊರಲು ಜನ ಬೇಕು.